ಸಾಹ್ರಾಳ ಮಗ

"ನಿನ್ನ ಮಗನನ್ನ ಈ ನೆಲದವನನ್ನಾಗಿ ಮಾಡ್ತೀನಿ, ಅಲ್ಲಾಹನ ಆಣೆ," ಎಂದು ದಹಬೊ ಮಾತು ಕೊಟ್ಟಿದ್ದಳು. ಸೊಮಾಲಿಯಾದ ಗಡಿ ದಾಟಿ ಬಂದ ಗೆಳತಿ ಸಾಹ್ರಾ ತನ್ನ ಕೂಸನ್ನು ಅವಳ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದಳು. ದಹಬೊಗೂ ಆಗ ಕೈಗೂಸು. ಒಂದೇ ಎದೆಹಾಲು ಕುಡಿದು ಇಬ್ಬರೂ ಅವಳಿಗಳೆನಿಸಿಕೊಂಡು ಬೆಳೆದರು.

ಈಗ ಗುಲೇದ್, ಲಿಬಾನ್ ಇಬ್ಬರೂ ದಹಬೊಳ ಜೊತೆ ಗಡಿಯೀಚೆಯ ಗಾರಿಸ್ಸಾ ಪಟ್ಟಣದ ಸರ್ಕಾರಿ ಕಚೇರಿಯಲ್ಲಿ ಗುರುತಿನ ಚೀಟಿಗಾಗಿ ನಿಂತಿದ್ದರು. ಚೀಟಿ ಇಲ್ಲದವನಿಗೆ ಬಸ್ಸಿಲ್ಲ, ಕೂಲಿಯಿಲ್ಲ. ಪೇಟೆಯಲ್ಲಿ ಬಾಂಬು ಸಿಡಿದ ಮೇಲಂತೂ ಅಂಥವರನ್ನು ಕಸದಂತೆ ಲಾರಿಗೆ ತುಂಬಿ ಗಡಿಯಾಚೆ ಸುರಿಯುತ್ತಿದ್ದರು.

ಅಧಿಕಾರಿ ಮುತಿಸೊ ಮಾಂಸ ತಿಂದ ಬೆರಳನ್ನು ಅರ್ಜಿಗಳಿಗೇ ಒರೆಸಿದ. ಪಕ್ಕದಲ್ಲಿ ಕುಲದ ಹಿರಿಯ ಧಿರಿಯೆ. ಮತ್ತೇರಿಸುವ ಮಿರಾ ಸೊಪ್ಪು ಜಗಿದು ಹಸಿರುಗಟ್ಟಿದ ಹಲ್ಲು.

"ಇವರಲ್ಲಿ ಒಬ್ಬ ಗಡಿಯ ಆ ಕಡೆಯವನಂತೆ," ಎಂದ ಮುತಿಸೊ. " ನಿಮ್ಮ ಕೇರಿಯವರೇ ಬಂದು ಊದಿದ್ದು."

"ಇಬ್ಬರೂ ನನ್ನವರೇ, ಸ್ವಾಮಿ."

"ಅಜ್ಜ ಮುತ್ತಜ್ಜರ ಹೆಸರು ಹೇಳ್ರೋ," ಎಂದ ಧಿರಿಯೆ.

ಗುಲೇದ್ ಹನ್ನೆರಡು ತಲೆಮಾರನ್ನು ಒಂದೇ ಉಸಿರಿಗೆ ಒಪ್ಪಿಸಿದ. ಲಿಬಾನ್ ಐದಕ್ಕೇ ತಡವರಿಸಿದ.

"ಥತ್! ಒಂಟೆಗೂ ತನ್ನ ವಂಶ ಗೊತ್ತಿರುತ್ತಲ್ಲೋ!"

"ಅಮ್ಮ ಬೆತ್ತ ಹಿಡಿದು ಕಲಿಸಿದ್ದು ಅವನಿಗೆ, ತಾತ. ನನ್ನನ್ನ ಕೇಳೋರೇ ಇರಲಿಲ್ಲ."

ಧಿರಿಯೆ ಮುತಿಸೊನತ್ತ ಕಣ್ಣು ಹೊಡೆದ. ಗುಲೇದ್‌ನ ಬೆರಳಿಗೆ ಬೆರಳಚ್ಚಿನ ಯಂತ್ರ ಸುಮ್ಮನಿತ್ತು. ಲಿಬಾನ್ ಬೆರಳಿಟ್ಟ. ಕೆಂಪು ದೀಪ.

"ನಿರಾಶ್ರಿತರ ಶಿಬಿರದಲ್ಲಿ ಇವನ ಬೆರಳಚ್ಚಿದೆ!" ಮುತಿಸೊ ತೇಗಿದ. "ಈಗ ಹೇಳಮ್ಮ. ಆ ಕೂಸು ಇವನೇ ತಾನೇ? ಬಾಯಿ ಬಿಡದಿದ್ರೆ ಇಬ್ಬರನ್ನೂ ಲಾರಿ ಹತ್ತಿಸ್ತೀನಿ."

ದಹಬೊ ಗುಲೇದ್‌ನನ್ನು ನೋಡಿದಳು. ಆಮೇಲೆ ಲಿಬಾನ್‌ನತ್ತ ಕೈ ತೋರಿದಳು.

"ಹೌದು. ಇವನೇ ಸಾಹ್ರಾಳ ಮಗ."

"ಅಮ್ಮಾ, ಏನಂತಿದೀಯ?"

ಅವಳು ಲಿಬಾನ್‌ನ ಬಳಿ ಹೋದಳು. ಅವನ ಅಂಗಿಯ ಬಿಚ್ಚಿದ ಗುಂಡಿ ಹಾಕಿದಳು. ಪೊಲೀಸರು ಅವನನ್ನು ಎಳೆದೊಯ್ದರು.

ಗುಲೇದ್‌ನ ಅರ್ಜಿಗೆ ಮೊಹರು ಬಿತ್ತು.

ಬಾಗಿಲಲ್ಲಿ ಕೇರಿಯ ಹೆಂಗಸೊಬ್ಬಳು ದಹಬೊಳ ಕಾಲ ಬಳಿ ಉಗಿದಳು. "ಥೂ! ಹಾಲೂಡಿಸಿದವಳೇ ನಾಯಿಗಳಿಗೆ ಎಸೆದಳು. ಪರರ ಕೂಸು ಕೊನೆಗೂ ಪರರದ್ದೇ, ಅಲ್ವೇನೇ?"

ದಹಬೊ ಉಗುಳನ್ನು ದಾಟಿ ನಡೆದಳು.

ಹಿಂದೆ ಮೇಕೆಗಳೆಲ್ಲ ಸತ್ತ ಬರದ ವರ್ಷ, ಶಿಬಿರದಲ್ಲಿ ನಿರಾಶ್ರಿತರಿಗಷ್ಟೇ ಹಿಟ್ಟು ಕೊಡುತ್ತಿದ್ದಾಗ, ಅವಳು ಸುಳ್ಳು ಹೇಳಿ ಬೆರಳೊತ್ತಿಸಿದ್ದು ತಾನು ಹೆತ್ತ ಮಗ ಲಿಬಾನ್‌ನಿಂದ. ಸಾಹ್ರಾಳ ಮಗ ಗುಲೇದ್‌ನ ಗುರುತು ಅಲ್ಲಿ ಬೀಳಬಾರದೆಂದು ಅವನನ್ನು ಮನೆಯಲ್ಲೇ ಬಚ್ಚಿಟ್ಟಿದ್ದಳು.

ಕೊಟ್ಟ ಮಾತು ಉಳಿಯಿತು.