ಕುರಿಗೊಬ್ಬರದ ಸಾಲು

ಸಂತೆಯ ಗೇಟಿನಲ್ಲಿ ಪ್ರತಿ ಗಾಡಿಯಿಂದ ಒಂದು ಹಸಿ ಗೋವಿನಜೋಳದ ತೆನೆ ಸುಡುತ್ತಾರೆ. ಉರಿಗೆ ಲೇಸರ್ ಹಾಯಿಸಿದರೆ, ಆ ಹೊಲ ಯಾವ ಗೊಬ್ಬರ ತಿಂದಿದೆ ಎಂದು ಪರದೆ ಹೇಳುತ್ತದೆ. ಪೈಪಿನಲ್ಲಿ ಬರುವ ಸರ್ಕಾರಿ ಗೊಬ್ಬರ ಬಿಟ್ಟು ಬೇರೆಯದು ಕಂಡರೆ ಇಡೀ ಗಾಡಿ ಗುಂಡಿಗೆ.

ನಮ್ಮ ತೆನೆ ಉರಿಯಿತು. ಪರದೆ ಕೆಂಪಾಗಿ, ಕುರಿ ಹಿಕ್ಕೆ ಎಂದಿತು.

ಅಟ್ಟದಲ್ಲಿ ಸಿಕ್ಕ ಅಜ್ಜಿಯ ಹಳೇ ಹಿಕ್ಕೆ ಚೀಲವನ್ನು ತಮಾಷೆಗೆ ಒಂದೇ ಸಾಲಿಗೆ ಸುರಿದಿದ್ದೆ. ತೆನೆ ಮುರಿಯುವ ಗಡಿಬಿಡಿಯಲ್ಲಿ ಆ ಸಾಲಿನದೂ ಗಾಡಿಯಲ್ಲಿ ಬೆರೆತುಹೋಗಿತ್ತು.

“ಕುರಿ ಕಾಣದ ಇಪ್ಪತ್ತು ವರ್ಷ ಆತು. ಎಲ್ಲಿಂದ ತಂದೀಲೇ?” ಎಂದರು ಲೇಸರ್ ಹಿಡಿದ ಹಾಲಪ್ಪಜ್ಜ.

“ಹೀರೋ ಗುಟ್ಟು ಕ್ಲೈಮ್ಯಾಕ್ಸಿನಾಗ ಹೇಳ್ತಾನಜ್ಜ,” ಎಂದೆ. ಕಣ್ಣು ಮಾತ್ರ ಗಾಡಿಯಲ್ಲಿದ್ದ ತೆನೆಗಳ ಮೇಲೇ ಇತ್ತು. ಅದು ಅಪ್ಪನ ಇಡೀ ವರ್ಷದ ಬೆಳೆ.

ಅಜ್ಜ ಹೊಗೆಗೆ ಮುಖ ಒಡ್ಡಿ ನಿಂತರು. “ನಮ್ಮಪ್ಪ ಗೊಬ್ಬರಕ್ಕಂತ ರಾತ್ರಿಯೆಲ್ಲಾ ಹೊಲದಾಗ ಕುರಿ ತರುಬಿ ನಿಲ್ಲಸತಿದ್ದ. ನಾ ಅವುಗಳ ನಡುವ ಬೆಚ್ಚಗ ಮಲಗತಿದ್ದೆ. ಆ ಹೊಲದ ತೆನಿ ಸುಟ್ರ ಇದ ವಾಸನಿ ನೋಡು.”

“ಗಾಡಿ ಗುಂಡಿಗೇನಜ್ಜ?”

ಹಾಲಪ್ಪಜ್ಜ ಲೇಸರ್ ಆರಿಸಿದರು. “ಮಷೀನ್ ಕೆಟ್ಟೈತಿ. ಗಾಡಿ ಒಳಗ ಹೊಡಿ.”

ಆಮೇಲೆ ಕೆಂಡದ ಮೇಲಿನ ತೆನೆಯನ್ನು ಬರಿಗೈಯಲ್ಲೇ ತಿರುವುತ್ತ ಕೇಳಿದರು: “ಉಪ್ಪು ಐತೇನು?”