ಕಾಡಿನ ಹೊರಗೆ ಬಿಟ್ಟ ಚಪ್ಪಲಿ

ಮರಗಳೆಲ್ಲ ಮುಗಿದ ಮೇಲೆ ಕಾಡು ಉಳಿದದ್ದು ಚಿತ್ರಗಳಲ್ಲಿ ಮಾತ್ರ. ಧಾರವಾಡದ ನೀಲಗಂಗಾ ಗೋಡೆಯಗಲದ ಕಾಗದದ ಮೇಲೆ ಇದ್ದಿಲಿನಿಂದ ಕಾಡು ಬರೆಯುತ್ತಿದ್ದಳು. ಜನ ಟಿಕೆಟು ತೆಗೆಸಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಆ ಕಾಡಿನೊಳಗೆ ಅಡ್ಡಾಡಿ ಬರುತ್ತಿದ್ದರು. ಅವರು ಹೋಗಿಬರಲೆಂದು ಚಿತ್ರದ ಅಂಚಿನವರೆಗೆ ಒಂದು ಕಾಲುದಾರಿಯನ್ನು ಬಿಳಿಯಾಗಿಯೇ ಬಿಡುವುದು ಕಾಡು ಬರೆಯುವವರ ಪದ್ಧತಿ.

ಆ ಬಿಳಿ ನೀಲಗಂಗಾಳ ಕಣ್ಣಿಗೆ ಎಂದೂ ಹಿಡಿಸಿರಲಿಲ್ಲ. ಪ್ರದರ್ಶನದ ಕೊನೆಯ ಸಂಜೆ, ಎಲ್ಲರೂ ಹೋದರೆಂದುಕೊಂಡು, ದಾರಿಯ ತುಂಬ ಜರಿಗಿಡ ಬರೆದುಬಿಟ್ಟಳು. ಇದ್ದಿಲು ಉದುರದ ಹಾಗೆ ಮೇಲೆ ಅಂಟಿನ ನೀರನ್ನೂ ಸಿಂಪಡಿಸಿದಳು. ಅದು ಆರಿದ ಮೇಲೆ ಬಾಗಿಲಲ್ಲಿ ಗಂಡ ವಿರೂಪಾಕ್ಷನ ಚಪ್ಪಲಿ ಕಂಡವು.

"ರೀ! ಒಳಗ ಅದೀರೇನು?"

"ಕಡೀಗೊಂದು ಸುತ್ತು ಹಾಕೋಣಂತ ಬಂದೆ, ನೀಲಾ. ದಾರಿ ಸಿಗವಲ್ದು," ಎಂದು ಮರಗಳ ಹಿಂದಿನಿಂದ ಧ್ವನಿ ಬಂತು.

ಅವಳು ರಬ್ಬರಿನಿಂದ ಉಜ್ಜಿದಳು, ಒದ್ದೆ ಬಟ್ಟೆಯಿಂದ ತಿಕ್ಕಿದಳು. ಒಂದೆಲೆಯೂ ಅಳಿಯಲಿಲ್ಲ. ಕತ್ತರಿ ಎತ್ತಿಕೊಂಡಳು. ಆದರೆ ಕಾಗದ ಎಲ್ಲಿ ಮುಗಿಯುತ್ತದೋ, ಗಂಡ ಎಲ್ಲಿ ಶುರುವಾಗುತ್ತಾನೋ ತಿಳಿಯದೆ ಅದನ್ನು ಕೆಳಗಿಟ್ಟಳು.

"ನಿಂತಲ್ಲೇ ನಿಂದರ್ರಿ. ಏನರೆ ಮಾಡ್ತೀನಿ."

"ಗಾಬರಿ ಆಗಬ್ಯಾಡ," ಎಂದ ವಿರೂಪಾಕ್ಷ, ನಿರಾಳವಾಗಿ. "ಯಾರೋ ಈ ಕಡೇನ ಬರ್ಲಿಕ್ಕತ್ತಾರ. ಅವರನ್ನ ಕೇಳ್ತೀನಿ. ಚಪ್ಪಲಿ ಸಪ್ಪಳ ಕೇಳಸ್ತದ."

ನೀಲಗಂಗಾ ಬಾಗಿಲ ಕಡೆ ನೋಡಿದಳು. ಆ ಕಾಡಿಗೆ ಚಪ್ಪಲಿ ಮೆಟ್ಟಿಕೊಂಡು ಹೋದವರು ಯಾರೂ ಇರಲಿಲ್ಲ.