ಚೀಲದಲ್ಲಿದ್ದ ಬೋಲ್ಟ್

"ಬೋಲ್ಟ್ ಎಲ್ಲೋ, ಸೆಪ್?"

ಆ ಸ್ವಿಸ್ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ, ಗುರಿಯಿಟ್ಟು ಗುಂಡು ಹೊಡೆಯುವ ಗುರಿಹಬ್ಬದಲ್ಲಿ, ಮೈದಾನಕ್ಕೆ ಇಳಿಯುವ ಮುನ್ನ ಎಲ್ಲರ ರೈಫಲನ್ನೂ ತೆರೆದು ನೋಡುವುದು ಬಂದೂಕು ಸಂಘದ ಅಧ್ಯಕ್ಷ ಆಲೊಯ್ಸನ ಕೆಲಸ. ಸೆಪ್‌ನ ರೈಫಲಿನೊಳಗೆ ಗುಂಡು ಹಾರಿಸುವ ಬೋಲ್ಟ್ ಇರಬೇಕಾದ ಜಾಗ ಖಾಲಿ ಹೊಡೆಯುತ್ತಿತ್ತು. ಬೋಲ್ಟ್ ಇಲ್ಲದ ರೈಫಲ್ ದೊಣ್ಣೆಗೆ ಸಮ. ನಾಯಿ ಓಡಿಸಬಹುದು, ಅಷ್ಟೇ. ಸೆಪ್ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದ.

ಆಗ್ನೆಸ್ ನೋಡುವವರ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮುಂದೆ ಬಂದಳು. ಅಂಗಡಿಗೆ ಒಯ್ಯುವ ಚೀಲದಿಂದ ಅಡುಗೆಮನೆ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಎಣ್ಣೆ ಸವರಿದ ಬೋಲ್ಟ್ ಬಿಸಿಲಿಗೆ ಮಿರಮಿರ ಮಿಂಚಿತು.

"ನನ್ನ ಹತ್ರ ಇದೆ," ಎಂದಳು. "ಹಾಕ್ಕೊಂಡು ಹೊಡೀಲಿ. ಆಮೇಲೆ ನಂಗೆ ವಾಪಸ್ ಬರಬೇಕು."

ಸಾಲಿನಲ್ಲಿದ್ದ ಗಂಡಸರು ಹೋ ಎಂದು ನಕ್ಕರು. "ಮೂಗುದಾರ ಮೊದ್ಲಿಂದ್ಲೂ ಅವಳ ಕೈಲೇ ಇತ್ತು, ಈಗ ಬೋಲ್ಟೂ ಹೋಯ್ತಾ!" ಎಂದು ಒಬ್ಬ ಕೂಗಿದ. ಸೆಪ್‌ನ ಕಿವಿ ಕೆಂಪಾದವು. ಅದು ಆಗ್ನೆಸಳ ಕಣ್ಣಿಗೆ ಬಿತ್ತು. ಆದರೂ ಅವಳು ಜಾಗ ಬಿಟ್ಟು ಕದಲಲಿಲ್ಲ. ನಗಲಿ, ಹಲ್ಲು ಅವರವು.

ಚಳಿಗಾಲದಲ್ಲಿ ಊರಿನ ಚೀಸ್ ಡೈರಿ ಬಾಗಿಲು ಹಾಕಿತ್ತು. ಅಲ್ಲಿ ಚೀಸ್ ಮಾಡುತ್ತಿದ್ದ ಸೆಪ್ ಅಂದಿನಿಂದ ಕಿಟಕಿ ಮುಂದೆ ಕೂತವನು ಮಾತೇ ಬಿಟ್ಟಿದ್ದ. ಒಂದು ಬೆಳಗ್ಗೆ ಆಗ್ನೆಸ್ ಎದ್ದು ಬಂದಾಗ ರೈಫಲಿನ ಬೀರುವಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಅವಳನ್ನು ಕಂಡವನೇ ಕಾಫಿ ಕಾಸಲು ಹೋದ. ಅವನ ಸೈನಿಕ ಸೇವೆ ಮುಗಿದ ಮೇಲೆ ಸ್ವಿಸ್ ಸೈನ್ಯ ಅವನು ಬಳಸುತ್ತಿದ್ದ ರೈಫಲನ್ನೇ, ಟ್ರಿಗರ್ ಒತ್ತಿದಾಗಲೆಲ್ಲ ಒಂದೊಂದೇ ಗುಂಡು ಹಾರುವಂತೆ ಮಾಡಿ ಅವನಿಗೇ ಕೊಟ್ಟಿತ್ತು, ಜೊತೆಗೊಂದು ಕೈಪಿಡಿ. ಅವಳು ಅಂದೇ ಆಲೂಗಡ್ಡೆ ಸಿಪ್ಪೆಯ ಪಕ್ಕ ಕೈಪಿಡಿ ಹರಡಿಕೊಂಡು, ಚಿತ್ರ ನೋಡಿ ನೋಡಿ ಬೋಲ್ಟನ್ನು ಬಿಚ್ಚಿ ತೆಗೆದಳು. ಆಮೇಲೆ ಚರ್ಚಿಗೆ ಹೋದರೂ ಅದು ಅವಳ ಜೊತೆಗೇ. ಸೆಪ್‌ಗೆ ಗೊತ್ತಾಗಿತ್ತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

"ಆಗ್ನೆಸ್, ಮನೆ ಜಗಳ ಮನೇಲಿಟ್ಕೊ," ಆಲೊಯ್ಸ್ ಗದರಿದ. "ಒಬ್ಬ ಸಿಪಾಯಿ ಮರ್ಯಾದೆನ ಹೀಗೆ ಬೀದೀಲಿ ಹರಾಜು ಹಾಕ್ತಾರಾ? ನಿಯಮಾಂತ ಒಂದಿದೆ."

"ಇದೆಯಲ್ಲ!" ಅವಳು ಚೀಲದಿಂದ ಕೈಪಿಡಿಯನ್ನೂ ತೆಗೆದಳು. ಹಾಳೆಗಳಿಗೆಲ್ಲ ಬೆಣ್ಣೆಯ ಕಲೆ. "'ಬೋಲ್ಟನ್ನು ಬೇರೆ ಕಡೆ ಇಡತಕ್ಕದ್ದು' ಅಂತ ಬರ್ದಿದೆ. ಎಷ್ಟು ದೂರ ಅಂತ ಬರ್ದಿಲ್ಲ. ನಾನು ನನ್ನ ಚೀಲದಷ್ಟು ದೂರ ಇಟ್ಟಿದೀನಿ."

ಈ ಸಲ ಜನ ಆಲೊಯ್ಸನನ್ನು ನೋಡಿ ನಕ್ಕರು. ಅವನಿಗೆ ಪಿತ್ತ ನೆತ್ತಿಗೇರಿತು.

"ಅಂಥಾದ್ದು ಏನಾಗಿದೆಯಮ್ಮ ನಿನ್ನ ಗಂಡನಿಗೆ?"

"ನಿನ್ನ ತಮ್ಮನಿಗೆ ಏನಾಗಿತ್ತು, ಆಲೊಯ್ಸಣ್ಣ?"

ನಗು ಗಕ್ಕನೆ ನಿಂತಿತು. ಹೋದ ವರ್ಷ ಎಲೆಯುದುರುವ ಕಾಲದಲ್ಲಿ ಅವನ ತಮ್ಮ ಯೋಸ್ಟ್ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ, ಪಕ್ಕದಲ್ಲಿ ರೈಫಲ್.

"ಕ್ಲೀನ್ ಮಾಡ್ತಿದ್ದಾಗ ಸಿಡೀತು," ಆಲೊಯ್ಸನ ದನಿ ಇಳಿಯಿತು. "ಊರಿಗೆಲ್ಲ ಗೊತ್ತಿರೋದೇ."

"ಪಾದ್ರಿನೂ ಹಾಗೇ ಹೇಳಿದ್ರು. ನಾನೂ ಹೂಂ ಅಂದು ತಿಥಿ ಊಟ ಮಾಡಿ ಬಂದೆ. ಆಮೇಲೆ ಇದನ್ನ ಓದ್ದೆ. ಕ್ಲೀನ್ ಮಾಡೋ ಪಾಠ ಶುರುವಾಗೋದೇ ಬೋಲ್ಟ್ ಬಿಚ್ಚೋದ್ರಿಂದ. ಬೋಲ್ಟ್ ಬಿಚ್ಚಿದ ಬಂದೂಕು ಹೇಗಣ್ಣ ಸಿಡಿಯುತ್ತೆ?" ಅವಳು ಸಾಲಿನ ಕಡೆ ತಿರುಗಿದಳು. "ನೀವೆಲ್ಲ ಸಿಪಾಯಿಗಳು. ನಿಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡ್ರಿ. ನಾನು ಹಾಕ್ಕೊಳಲ್ಲ. ನಂಗೆ ಮರ್ಯಾದೆ ಬೇಡ, ಗಂಡ ಬೇಕು!"

ಆಲೊಯ್ಸ್ ರೈಫಲನ್ನು ಸೆಪ್‌ನ ಕಡೆ ತಳ್ಳಿದ.

ಸೆಪ್ ಮೇಜಿನ ಮೇಲಿದ್ದ ಬೋಲ್ಟ್ ಎತ್ತಿಕೊಂಡ, ಜೋಡಿಸಿದ, ಹೋಗಿ ಗುರಿಯಿಡಲು ಚಾಪೆಯ ಮೇಲೆ ಬೋರಲು ಮಲಗಿದ. ಅವನ ಹದಿನೆಂಟು ಗುಂಡೂ ಮುಗಿಯುವವರೆಗೆ ಆಗ್ನೆಸ್ ಬೆನ್ನ ಹಿಂದೆಯೇ ನಿಂತಿದ್ದಳು. ಬಿದ್ದ ಅಂಕ ಎಷ್ಟೆಂದು ಅವಳು ತಿರುಗಿಯೂ ನೋಡಲಿಲ್ಲ. ಎದ್ದು ಬಂದವನು ಆ ಸಾಲಿನ ಎದುರೇ ಬೋಲ್ಟ್ ಬಿಚ್ಚಿ, ತಾನೇ ಅವಳ ಅಂಗೈಯಲ್ಲಿಟ್ಟ.

"ಬಿಸಿ ಇದೆ," ಎಂದ. "ಜೋಪಾನ."

ಎಷ್ಟೋ ತಿಂಗಳ ಮೇಲೆ ಅವನಾಗಿಯೇ ಆಡಿದ ಮಾತು. ಆಗ್ನೆಸಳ ಕಣ್ಣು ತುಂಬಿ ಬಂತು. ಬಟ್ಟೆ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದಳು.

ಆಲೊಯ್ಸ್ ತನ್ನ ರೈಫಲನ್ನು ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ ಸಾಸೇಜು ಸುಡುವ ಕಡೆ ನಡೆದ. ಅಲ್ಲಿ ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ಹೆಡ್ವಿಗ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಮ್ಮ ಯೋಸ್ಟ್ ಹೋದಂದಿನಿಂದ ಗಂಡ ನೆಟ್ಟಗೆ ಉಂಡದ್ದನ್ನಾಗಲಿ ಮಲಗಿದ್ದನ್ನಾಗಲಿ ಅವಳು ಕಂಡಿರಲಿಲ್ಲ.

"ಒಂದು ಸಾಸೇಜು ಹಾಕು, ಹೆಡ್ವಿಗ್."

ಅವಳು ಇಕ್ಕಳ ಕೆಳಗಿಟ್ಟಳು. ಸಾಸಿವೆ ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅವನ ಮುಂದೆ ಚಾಚಿದಳು.

"ಮೊದ್ಲು ನಿನ್ನ ಬೋಲ್ಟ್ ಕೊಡು ಇಲ್ಲಿ."